ಅಕ್ಕನ ನಿದ್ದೆಗೆ ಹಾಕಿದ ಹೊಗೆ

ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿಯಲು ಶುರು ಮಾಡಿದರೆ ಮೊಳಕಾಲ್ಮುರಿನ ನಮ್ಮ ಬೀದಿಯೆಲ್ಲ ಕೆಮ್ಮುತ್ತದೆ. ನನಗೆ ಮಾತ್ರ ಕೆಮ್ಮಿಗಿಂತ ಮೊದಲು ಸಿಟ್ಟು ಬರುತ್ತದೆ. ಮೊನ್ನೆಯೂ ದಡಾರನೆ ಕಿಟಕಿ ಮುಚ್ಚಿದೆ. "ಮೆಣಸಿನಕಾಯಿ ಮೇಲೂ ಸಿಟ್ಟೇನ್ರೀ ನಿಮ್ಗೆ?" ಎಂದಳು ಹೆಂಡತಿ. ಹೌದು ಎಂದೆ. ಕಾರಣ ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ನಿಮಗೂ ಸ್ವಲ್ಪ ಸಿಟ್ಟು ಬಂದರೆ ನನಗೆ ಸಮಾಧಾನ.

ನನ್ನ ಅಕ್ಕ ಗಿರಿಜ ಚಳ್ಳಕೆರೆಯ ಮನೆಯಲ್ಲಿದ್ದಾಗ ಬಲು ಚೂಟಿ. ಹೈಸ್ಕೂಲು ಮುಗಿಯುವ ಹೊತ್ತಿಗೆ ಅವಳಿಗೆ ಏನೋ ಆಯಿತು. ಪಾಠದ ನಡುವೆ, ಊಟದ ನಡುವೆ ನಿದ್ದೆ ಹೋಗುತ್ತಿದ್ದಳು. ಒಮ್ಮೆ ಅಪ್ಪನ ಶೇಂಗಾ ಮಂಡಿಯಲ್ಲಿ ಚೀಲಕ್ಕೆ ಒರಗಿ ನಿಂತಲ್ಲೇ ಮಲಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಎದ್ದು ಏನೂ ಆಗದವಳಂತೆ ಓಡಾಡುವಳು. ಅಪ್ಪ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟರು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು ನೆಂಟರು. ನಮ್ಮ ಕಡೆ ಮದುವೆಯೆಂಬುದು ಎಲ್ಲ ಕಾಯಿಲೆಗೂ ಔಷಧ. ಹಾಗಿದ್ದ ಮೇಲೆ ಊರಿಗೆ ಆಸ್ಪತ್ರೆ ಯಾಕೆ ಬೇಕೋ ಕಾಣೆ.

ರಾಂಪುರದ ಜಮೀನುದಾರರ ಮನೆಗೆ ಕೊಟ್ಟರು. ಅಲ್ಲಿ ಒಲೆ ಮುಂದೆ ಕೂತಲ್ಲೇ ಅಕ್ಕ ತೂಕಡಿಸುವಳು, ರೊಟ್ಟಿ ಸೀದುಹೋಗುವುದು. ಇನ್ನೊಂದು ಅದಕ್ಕಿಂತ ವಿಚಿತ್ರ. ಯಾರಾದರೂ ತಮಾಷೆ ಮಾಡಿ ಅವಳು ಮನಸಾರೆ ನಕ್ಕರೆ ಮೊಣಕಾಲು ಕುಸಿದು ನೆಲಕ್ಕೆ ಬೀಳುತ್ತಿದ್ದಳು. ಎಚ್ಚರ ತಪ್ಪುತ್ತಿರಲಿಲ್ಲ. ಎಲ್ಲ ಕೇಳಿಸುತ್ತಿತ್ತು, ಕೈಕಾಲು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಮೈದುನನ ನಿಶ್ಚಿತಾರ್ಥದ ದಿನ ಬೀಗರೆದುರು ಪಾಯಸದ ಪಾತ್ರೆ ಹಿಡಿದುಕೊಂಡೇ ಕುಸಿದಳು. ಸಾಲದ್ದಕ್ಕೆ, ಕಣ್ಣು ಮುಚ್ಚುವಷ್ಟರಲ್ಲಿ ಕೋಣೆಯಲ್ಲಿ ಯಾರೋ ನಿಂತ ಹಾಗೆ ಕಾಣುತ್ತದೆ ಎಂದು ಪಾಪ, ತಾನೇ ಬಾಯಿಬಿಟ್ಟಿದ್ದಳು. ಗಾಳಿ ಸೋಕಿದೆ ಎಂದು ತೀರ್ಮಾನವಾಯಿತು. ಹಾಡಹಗಲಲ್ಲಿ ಹಿತ್ತಲಲ್ಲಿ ಕೂರಿಸಿದರು. ಇಬ್ಬರು ತಲೆ ಅದುಮಿ ಹಿಡಿದರು, ಕೆಂಡದ ಮೇಲೆ ಮೆಣಸಿನಕಾಯಿ ಸುರಿದು ಆ ಹೊಗೆಯನ್ನು ಮೂಗಿಗೆ ಹಿಡಿದರು. ಮನೆಯ ಸೊಸೆಗೆ.

ಆಮೇಲೆ ಬಸ್ಸಿನಲ್ಲಿ ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿ, ಅವಳ ಅತ್ತೆ ಒಂದೇ ಮಾತು ಹೇಳಿದರು: "ನಿದ್ದೆ ಎಲ್ಲ ಮುಗಿದ ಮ್ಯಾಲೆ ಕಳ್ಸಿ."

ಮತ್ತೆ ಆ ಮನೆಯಿಂದ ಯಾರೂ ಕರೆಯಲು ಬರಲಿಲ್ಲ. ಅಕ್ಕ ತಾನೇ ಒಂದು ಉಪಾಯ ಕಂಡುಕೊಂಡಳು. ನಗುವುದನ್ನು ಬಿಟ್ಟಳು. ಯಾರಾದರೂ ತಮಾಷೆಗೆ ಬಾಯಿ ತೆರೆದರೆ ಎದ್ದು ಒಳಗೆ ನಡೆಯುವಳು. ಎಂಥ ಗಂಭೀರ ಹೆಂಗಸು ಎಂದು ಊರು ಮೆಚ್ಚಿತು. ವರ್ಷಗಟ್ಟಲೆ ಮೆಚ್ಚಿತು.

ಅಪ್ಪ ಹೋದ ಮೇಲೆ ಅಕ್ಕ ನನ್ನ ಮನೆಗೆ ಬಂದಳು. ಒಮ್ಮೆ ತಲೆನೋವೆಂದು ದಾವಣಗೆರೆಯ ಒಬ್ಬ ನರರೋಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ನಮ್ಮ ಸರದಿ ಬಂದಾಗ ಅಕ್ಕ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಡಾಕ್ಟರಮ್ಮ ಸಿಡುಕಲಿಲ್ಲ, ಕಾದರು. ಎದ್ದ ಮೇಲೆ ಕೇಳಿದರು: "ನಕ್ಕಾಗ ಮೊಣಕಾಲಲ್ಲಿ ಶಕ್ತಿ ಹೋಗುತ್ತೇನಮ್ಮ?" ಅಕ್ಕ ಅಳತೊಡಗಿದಳು. ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ ಅದು.

ತಲೆಗೆ ತಂತಿಗಳನ್ನು ಅಂಟಿಸಿ ರಾತ್ರಿ ಮಲಗಿಸಿದರು, ಮರುದಿನ ಹಗಲಲ್ಲೂ ಮತ್ತೆ ಮತ್ತೆ ಮಲಗಿಸಿ ನೋಡಿದರು. ಅವಳ ಮಿದುಳಿನ ಅಲೆಗಳು ಪರದೆಯ ಮೇಲೆ ಗೆರೆಗಳಾಗಿ ಓಡಿದವು. ಡಾಕ್ಟರಮ್ಮ ವಿವರಿಸಿದರು: ಎಲ್ಲರಿಗೂ ಎಚ್ಚರದಲ್ಲಿ ಅಲೆ ಸಣ್ಣದು, ಚುರುಕು. ನಿದ್ದೆ ಆಳವಾದಂತೆ ನಿಧಾನವಾಗುತ್ತ, ದೊಡ್ಡದಾಗುತ್ತ ಹೋಗುತ್ತದೆ. ಸಾಕಷ್ಟು ಹೊತ್ತಾದ ಮೇಲೆ ಮತ್ತೆ ಸಣ್ಣದಾಗಿ, ಹೆಚ್ಚುಕಡಿಮೆ ಎಚ್ಚರದ ಹಾಗೇ ಚುರುಕಾಗುತ್ತದೆ. ರೆಪ್ಪೆಯೊಳಗೆ ಕಣ್ಣು ಹರಿದಾಡುತ್ತದೆ. ಕನಸು ಜೋರಾಗಿ ಬೀಳುವುದು ಆಗ. ಕನಸಿನಲ್ಲಿ ಓಡುವವನು ನಿಜಕ್ಕೂ ಎದ್ದು ಓಡದಿರಲೆಂದು ಮಿದುಳು ಆಗ ಮೈಯನ್ನು ಪೂರ್ತಿ ಸಡಿಲ ಬಿಟ್ಟಿರುತ್ತದೆಯಂತೆ. ಅಕ್ಕನಿಗೆ ಮಾತ್ರ ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ನೇರ ಕನಸು. ರಾಂಪುರದ ಕೋಣೆಯಲ್ಲಿ ನಿಂತವರು ಹಾಗೆ ಬಂದವರು. ಮೈ ಸಡಿಲಾಗುವ ಆ ಕನಸಿನ ಗುಣ, ನಕ್ಕಾಗ ಎಚ್ಚರದೊಳಗೂ ನುಗ್ಗುತ್ತಿತ್ತು. ವಿಜ್ಞಾನದಲ್ಲಿ ನಪಾಸಾಗಿ ಕನ್ನಡ ಮೇಷ್ಟರಾದ ನನಗೂ ಇಷ್ಟು ಅರ್ಥವಾಯಿತು.

ಅಕ್ಕ ಪರದೆಯನ್ನೇ ನೋಡುತ್ತಿದ್ದಳು. "ಹಂಗಾದ್ರೆ ನಾನು ಸೋಮಾರಿ ಅಲ್ವಾ ಡಾಕ್ಟ್ರೇ?"

"ಅಲ್ಲಮ್ಮ. ಇಷ್ಟು ನಿದ್ದೇನ ತಡ್ಕೊಂಡು ನೀವು ಅಷ್ಟು ಕೆಲಸ ಮಾಡಿದ್ದೇ ದೊಡ್ಡದು."

ಮುಂದಿನ ವಾರವೇ ನಾನು ರಾಂಪುರಕ್ಕೆ ಹೋದೆ. ಭಾವ ಇನ್ನೊಂದು ಮದುವೆಯಾಗಿ ಬೇರೆ ಊರಲ್ಲಿದ್ದ. ಅತ್ತೆ ಮಾತ್ರ ಇದ್ದರು. ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡಿದ್ದ ಬೈಗುಳದ ಭಾಷಣವೆಲ್ಲ, ಗೋಡೆ ಹಿಡಿದು ಬಂದ ಆ ಮುದುಕಿಯನ್ನು ನೋಡಿ ಅರ್ಧ ಮರೆತುಹೋಯಿತು. ದಾವಣಗೆರೆಯಲ್ಲಿ ತಿಳಿದದ್ದನ್ನು ಹೇಳಿದೆ. "ಅಯ್ಯೋ ಪಾಪಮು. ಆವಾಗ ಇದೆಲ್ಲ ಯಾರಿಗೆ ಗೊತ್ತಿತ್ತು ನಾಯನಾ?" ಎಂದರು, ತೆಲುಗು ಬೆರೆತ ಗಡಿಯ ಮಾತಿನಲ್ಲಿ.

"ಗೊತ್ತಿಲ್ಲ ಅಂತ ಆವತ್ತೇ ಅಂದಿದ್ರೆ ಸಾಕಿತ್ತಲ್ಲಮ್ಮ," ಎಂದು ಎದ್ದು ಬಂದೆ.

ಗೊತ್ತಿಲ್ಲದಿರುವುದು ಅಪರಾಧವಲ್ಲ ಸ್ವಾಮಿ, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಗೊತ್ತಿದೆ ಎಂದರಲ್ಲ, ಅದೇ ಗೊತ್ತಿನ ಮೇಲೆ ಕೆಂಡ ತಂದರಲ್ಲ, ಅದನ್ನು ನಾನು ಕ್ಷಮಿಸಲಾರೆ. ಅಕ್ಕ ಕ್ಷಮಿಸಿದ್ದಾಳೆ, ಅದು ಅವಳ ಹಕ್ಕು.

ಈಗ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮಧ್ಯಾಹ್ನ ಯಾರ ಅಪ್ಪಣೆಗೂ ಕಾಯದೆ ಮಲಗುತ್ತಾಳೆ. ನಿನ್ನೆ ಸಂಜೆ ಶಾಲೆಯಲ್ಲಿ ನಡೆದ ತಮಾಷೆಯೊಂದನ್ನು ಹೇಳಲು ಹೊರಟೆ. ನಿಂತಿದ್ದ ಅಕ್ಕ ಕೈಯೆತ್ತಿ ತಡೆದಳು. ಒಳಗೆ ಹೊರಟಳೆಂದುಕೊಂಡೆ.

"ತಡಿ, ಕೂತ್ಕಂತೀನಿ," ಎಂದು ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಕಾಲು ಚಾಚಿ ಕೂತಳು. "ಹ್ಞೂಂ, ಈಗ ಹೇಳು."