ಹುಣಸಿಹಣ್ಣಿನ ವೈರಿ

ವಾಡಿ ಸ್ಟೇಷನ್ ಎದುರಿನ ಹಳೇ ಸಾಮಾನಿನಂಗಡಿಯ ಅಂಬರೇಶಪ್ಪನಿಗೆ ಪ್ಯೂಟರ್ ಹೂದಾನಿ ಎಂದರೆ ಜೀವ. ಯಾವುದೋ ಊರಿನ ಚಿತ್ರ ಕೊರೆದು, ಆ ಊರು ನೋಡಲು ಬಂದ ಪ್ರವಾಸಿಗರಿಗೆ ನೆನಪಿಗೆಂದು ಹಿಂದೆ ಮಾರುತ್ತಿದ್ದ ಆ ತವರದ ಹೂದಾನಿ ಕೈಗೆ ಸಿಕ್ಕರೆ ಬೋರಲು ಹಾಕಿ ತಳದ ಮುದ್ರೆ ಓದುತ್ತಾನೆ, ಉಗುರಿನಿಂದ ಬಾರಿಸಿ ಕಿವಿಗಿಡುತ್ತಾನೆ, ಮೊಮ್ಮಗುವಿನ ನೆತ್ತಿಯಂತೆ ಮೂಸುತ್ತಾನೆ. ಯಾರಾದರೂ ಫಳಫಳ ತೊಳೆದು ತಂದರೋ, ಮುಗಿಯಿತು: “ಹುಣಸಿಹಣ್ಣು ಹಚ್ಚಿ ತಿಕ್ಕೀರೇನ್ರಿ? ಆ ಕಪ್ಪೇ ಅದರ ವಯಸ್ಸರಿ! ಅರ್ಧ ಕಿಮ್ಮತ್ತು ಬಚ್ಚಲಕ್ಕ ಹೋತು!” ಮೊನ್ನೆ ದಂಡೋತಿಯ ಸಾಬಮ್ಮ ಕಿಮ್ಮತ್ತು ಕೇಳಲು ತಂದ ಹೂದಾನಿಯಲ್ಲಿ ಚಿತ್ರವೇ ಸವೆದುಹೋಗಿತ್ತು. “ನಮ್ಮ ಮನಿಯವರು ತಂದಿದ್ದರಿ. ಅವರು ತೀರಿದಾಗಿಂದ ಪ್ರತಿ ಶುಕ್ರವಾರ ತಿಕ್ಕತೀನ್ರಿ,” ಎಂದಳು. ಬೈಯಲು ಬಾಯಿ ತೆರೆದವನು ಹೂದಾನಿಯನ್ನು ಮೆಲ್ಲಗೆ ಆಕೆಯ ಕೈಗೇ ಇಟ್ಟ: “ಇದರ ಕಿಮ್ಮತ್ತು ಕಟ್ಟೂದು ನನ್ನ ಕೈಲೆ ಆಗಂಗಿಲ್ಲ ಯವ್ವಾ. ನಾಳಿ ಶುಕ್ರವಾರ ಅದ. ಮನ್ಯಾಗ ಹುಣಸಿಹಣ್ಣು ಅದ ಇಲ್ಲೋ?”