ಅಂದರಿಕೀ ಇಲ್ಲು

ಮೊನ್ನೆ ಅಡುಗೆಮನೆಯ ಕಟ್ಟೆಗೆ ಕಲ್ಲು ಕೊಯ್ಯುವಾಗ ಎದ್ದ ದೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿನಕುರಳಿಯ ಒರಳಜ್ಜಿ ನೆನಪಾದಳು. ಅವಳ ಸೀರೆಗೂ ಅದೇ ವಾಸನೆ ಇರುತ್ತಿತ್ತು...

ಅದು ತೊಂಬತ್ತರ ದಶಕ. ಆ ಊರಿನ ಶಾಲೆಯಲ್ಲಿ ನಾನು ಟೀಚರು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಮುಳಬಾಗಿಲು ಕಡೆಯ ತೆಲುಗು ಮಾತಿನ ಮನೆಯವಳು. ಅಮ್ಮ ತೀರಿಕೊಂಡ ಮೇಲೆ ಆ ಮಾತಾಡಲು ಯಾರೂ ಇರಲಿಲ್ಲ. ಅಜ್ಜಿ ಊರಾಚೆ ಕಲ್ಲು ಒಡೆಯುವವರ ಕೇರಿಯವಳು. ಅವರ ಮನೆಮಾತೂ ತೆಲುಗೇ. ಸವೆದು ನುಣುಪಾದ ನನ್ನ ಒರಳುಕಲ್ಲಿಗೆ ಉಳಿ ಹೊಡೆಯಲು ಬಂದಿದ್ದವಳು, ನಾನು ತೆಲುಗಿನಲ್ಲಿ ‘ನೀರು ಬೇಕಾ’ ಎಂದದ್ದೇ ಸುತ್ತಿಗೆ ಕೆಳಗಿಟ್ಟು ನಕ್ಕುಬಿಟ್ಟಳು. ಅಂದಿನಿಂದ ನಾನು ಅವಳಿಗೆ ‘ಬಿಡ್ಡಾ’, ಅಂದರೆ ಮಗು. ಒರಳು ಸವೆಯದಿದ್ದರೂ ವಾರಕ್ಕೊಮ್ಮೆ ಬಂದು ಮಾತಾಡಿಕೊಂಡು ಹೋಗುತ್ತಿದ್ದಳು. ಊರವರ ಮನೆಗೆಲ್ಲ ಕಲ್ಲು ಒಡೆದುಕೊಟ್ಟವಳಿಗೆ ಇದ್ದದ್ದು ಕಬ್ಬಿನ ಸೋಗೆಯ ಗುಡಿಸಲು. ಸಾಯುವುದರೊಳಗೆ ಹೆಂಚಿನ ಮನೆಯಲ್ಲಿ ಮಲಗಬೇಕೆಂಬ ಒಂದೇ ಆಸೆ ಅವಳದು.

ವಿಧಾನಸಭೆ ಚುನಾವಣೆ ಬಂತು. ಆ ಕೇರಿಯ ಓಟು ಯಾರಿಗೋ ಅವರದೇ ಗೆಲುವು ಎಂಬ ಲೆಕ್ಕಾಚಾರ. ವರ್ಷವಿಡೀ ಅತ್ತ ತಲೆ ಹಾಕದಿದ್ದ ಜೀಪುಗಳೆಲ್ಲ ಅಲ್ಲೇ ಠಿಕಾಣಿ ಹೂಡಿದವು. ಒಂದು ಬೆಳಿಗ್ಗೆ ಒಬ್ಬ ಅಭ್ಯರ್ಥಿಯ ಕಡೆಯ ಯಜಮಾನರು ನನ್ನ ಬಾಗಿಲಿಗೆ ಬಂದರು.

“ನಾವೇನಂದ್ರೂ ನಂಬಾಕಿಲ್ಲ ಕಣ್ರವ್ವ ಅವ್ರು. ಅವ್ರ ಮಾತಲ್ಲೇ ಒಂದು ಬರ್ಕೊಡಿ, ನಮ್ಮೋರು ಮೈಕಲ್ಲಿ ಓದ್ಬುಡ್ತಾರೆ.”

ನನ್ನ ತೆಲುಗಿಗೂ ಬೆಲೆ ಬಂತಲ್ಲ ಎಂದು ಉಬ್ಬಿಹೋದೆ. ‘ಅಂದರಿಕೀ ಇಲ್ಲು ಇಸ್ತಾಮು’ ಎಂದು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಇಲ್ಲು ಅಂದರೆ ಮನೆ; ಎಲ್ಲರಿಗೂ ಮನೆ ಕೊಡುತ್ತೇವೆ ಎಂದರ್ಥ. ಸಂಜೆ ಎದುರಾಳಿಯ ಕಡೆಯವರೂ ಬಂದರು. ಅವರಿಗೂ ಅದನ್ನೇ ಬರೆದುಕೊಟ್ಟೆ, ನನ್ನ ಬುದ್ಧಿಗಿಷ್ಟು!

ಮೊದಲನೆಯವರು ಮೈಕು ಹಿಡಿದು, ಕನ್ನಡದ ನಾಲಗೆಯ ರೂಢಿಯಲ್ಲಿ, “ಅಂದರಿಕೀ ಇಲ್ಲ!” ಎಂದು ಕೂಗಿದರು. ಕೇರಿಗೆ ಕೇರಿಯೇ ಬಿದ್ದು ಬಿದ್ದು ನಕ್ಕಿತು. ಎರಡನೆಯವರು ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಂದು ಸ್ಪಷ್ಟವಾಗಿ ಓದಿದರು. ಗೆದ್ದರು.

ಮನೆ ಬರುತ್ತದಲ್ಲ ಎಂದು ಅಜ್ಜಿ ಆ ವರ್ಷ ಗುಡಿಸಲಿಗೆ ಹೊಸ ಸೋಗೆ ಹೊದಿಸಲಿಲ್ಲ. ಮಳೆಗಾಲ ಬಂತು, ಮನೆ ಬರಲಿಲ್ಲ. ಚೀಟಿ ಬರೆದವಳು ನಾನೆಂದು ಯಾರೋ ಅವಳಿಗೆ ಹೇಳಿದ್ದರು. ಒಂದು ದಿನ ಕೆಮ್ಮುತ್ತಾ ಬಂದಳು. ನಾನು ತೆಲುಗಿನಲ್ಲಿ ಒಳಗೆ ಕರೆದೆ. ಅವಳು ಹೊಸ್ತಿಲಾಚೆಯೇ ನಿಂತು, ಮೊದಲ ಸಲ, ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

“ಅವ್ರ ಮಾತಲ್ಲಿ ಏಳುದ್ರೆ ನಂಬ್ತಿರ್ನಿಲ್ಲ ಮೇಡಮ್ಮೋರೆ. ನಮ್ಮಾತಲ್ಲಿ ಏಳುದ್ರು, ನಂಬ್ಬುಟ್ಟೆ... ಒರಳು ಸವ್ದದಾ?”

ಸವೆದಿರಲಿಲ್ಲ. ಸವೆದಿದೆ ಎಂದೆ. ಅಂಗಳದ ಒರಳಿಗೆ ಉಳಿ ಹೊಡೆದು ಮುಗಿಸಿ ಹೊರಟುಹೋದಳು. ಮತ್ತೆ ಬರಲಿಲ್ಲ. ಕೇರಿಗೆ ಹೋಗಿ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ನಾನು ನಾಗಮಂಗಲಕ್ಕೆ ವರ್ಗವಾಗಿ ಬಂದ ಮೇಲೆ, ಅವಳು ಅದೇ ಗುಡಿಸಲಿನಲ್ಲಿ ತೀರಿಕೊಂಡಳೆಂದು ತಿಳಿಯಿತು. ಈಗ ಇಲ್ಲಿ ನನಗೆ ಸ್ವಂತ ಮನೆಯಿದೆ, ಮಾತಿಗೆ ಜನವಿಲ್ಲ. ತಪ್ಪಾಯಿತು ಎನ್ನಲು ಅಮ್ಮ ತೆಲುಗಿನಲ್ಲಿ ಏನನ್ನುತ್ತಿದ್ದಳು ಎಂದು ಮೊನ್ನೆಯಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ... ಕೇಳೋಣವೆಂದರೆ ಆ ಮಾತಿನವರು ನನ್ನ ಪಾಲಿಗೆ ಯಾರೂ ಉಳಿದಿಲ್ಲ.