ಮಾವನಿಗೆ ಕೇಳಿಸಿದ ಸೈಲೆನ್ಸರ್

ನನ್ನ ಮಾವ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಚಿಕ್ಕೋಡಿ ಸುತ್ತಲಿನ ಹಳ್ಳಿಗಳಲ್ಲಿ ಎಮ್ಮೆ ಈಯಲಾರದೆ ಒದ್ದಾಡಿದರೆ ಜನ ಡಾಕ್ಟರಿಗಿಂತ ಮೊದಲು ಅವರನ್ನೇ ಕರೆಯುತ್ತಿದ್ದರು. ಆ ಹಳ್ಳಿಗಳನ್ನೆಲ್ಲ ಅವರು ಸುತ್ತಿದ್ದು ಒಂದೇ ಮೋಟಾರ್‌ಸೈಕಲ್ಲಿನ ಮೇಲೆ. ಮೊಣಕಾಲು ನೋವು ಹೆಚ್ಚಾಗಿ ಕಿಕ್ ಹೊಡೆಯಲು ಆಗದಂತಾದಾಗ ಅದರ ಕೀಲಿಯನ್ನು ಮಗನಿಗೆ ಕೊಡಲಿಲ್ಲ, ಸೊಸೆಯಾದ ನನಗೆ ಕೊಟ್ಟರು.

“ಅಂವಾ ಗಾಡಿ ಒರಸೂದಿಲ್ಲ. ನೀ ಒರಸ್ತಿ,” ಎಂದರು. ಅಷ್ಟೇ ಕಾರಣ.

ನಾನು ಸದಲಗಾ ಕಡೆಯ ತೋಟದ ಶಾಲೆಯೊಂದರಲ್ಲಿ ಟೀಚರ್. ಕಬ್ಬಿನ ಹೊಲಗಳ ನಡುವೆ ಎರಡು ಕೋಣೆಯ ಶಾಲೆ ಅದು. ಬಸ್ಸಿಳಿದ ಮೇಲೂ ಬಹಳ ದೂರ ನಡೆಯಬೇಕಿತ್ತು. ಗಾಡಿ ಬಂದ ಮೇಲೆ ಆ ಕಷ್ಟ ತಪ್ಪಿತು. ಒಂದು ಮಳೆಗಾಲದ ಕೊನೆಗೆ ಮಾತ್ರ ಸೈಲೆನ್ಸರ್ ತುಕ್ಕು ಹಿಡಿದು ತಳ ಕಳಚಿ, ನಡುದಾರಿಯಲ್ಲಿ ಟಾರು ರಸ್ತೆಗೆ ಉಜ್ಜತೊಡಗಿತು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ತಂತಿ ಬಿಗಿದು ಕೊಟ್ಟ. ಚಿಕ್ಕೋಡಿಯ ಮೆಕ್ಯಾನಿಕ್ ನೋಡಿ ತಲೆ ಅಲ್ಲಾಡಿಸಿದ.

“ಅಕ್ಕಾರ, ಈ ಮಾಡಲ್ ಬಂದ್ ಆಗಿ ಭಾಳ ವರ್ಷ ಆತ್ರಿ. ಕಂಪನಿ ಮಾಲು ಸಿಗೂದಿಲ್ಲ. ನಿಪ್ಪಾಣಿಗೆ ಹೋಗ್ರಿ, ಬ್ಯಾರೆ ಗಾಡೀದು ಕುಂದರಿಸಿ ಕೊಡ್ತಾರ.”

ರವಿವಾರ ಹೊರಟಾಗ ಮಾವನೂ ಹಿಂದೆ ಕೂತರು. ಆ ಹೊತ್ತಿಗೆ ಅವರಿಗೆ ಕಿವಿ ಮಂದವಾಗಿ ಎರಡು ವರ್ಷ ಆಗಿತ್ತು. ಮಿರಜದ ಕಿವಿ ಡಾಕ್ಟರ ಹತ್ತಿರ ಹೋಗಿ ಮಷೀನು ಹಾಕಿಸೋಣ ಎಂದರೆ ಸಿಟ್ಟಾಗುತ್ತಿದ್ದರು. “ನಾ ಏನ ಕಿವುಡ ಅದೇನಿ? ನೀವ ಎಲ್ಲಾರೂ ಪಿಸುಪಿಸು ಮಾತಾಡ್ತೀರಿ,” ಎನ್ನುತ್ತಿದ್ದರು.

ನಿಪ್ಪಾಣಿಯ ಅಂಗಡಿಯವನು ಹಳೆಯ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ನೆನೆಸಿ, ಒಂದೊಂದನ್ನೇ ಬಿಡಿಸಿದ. ಮೂರು ಸೈಲೆನ್ಸರ್ ತಂದಿಟ್ಟು, “ಶಾಂತ ಪಾಹಿಜೆ ಕೀ ದಮದಾರ?” ಎಂದು ಮರಾಠಿಯಲ್ಲಿ ಕೇಳಿದ, ಮೆಲ್ಲನೆಯದು ಬೇಕೋ ಜೋರಿನದೋ ಎಂದು. ಸಣ್ಣ ಸದ್ದಿನದೇ ಇರಲಿ ಎಂದೆ. ಮೊದಲನೆಯದನ್ನು ಕೂರಿಸಿ ಗಾಡಿ ಶುರು ಮಾಡಿದ. ಅದರ ಸದ್ದು ಹದವಾಗಿತ್ತು.

“ಚಾಲೂ ಮಾಡೋ,” ಎಂದರು ಮಾವ.

“ಚಾಲೂ ಐತ್ರಿ, ಅಜ್ಜಾರ.”

ಮಾವ ಮುಖ ತಿರುಗಿಸಿಕೊಂಡರು. ಎರಡನೆಯದಕ್ಕೂ ಇತ್ತ ತಿರುಗಲಿಲ್ಲ. ಮೂರನೆಯದನ್ನು ಕೂರಿಸಿ ಚಾಲೂ ಮಾಡಿದಾಗ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಒಮ್ಮೆಲೇ ಹಾರಿದವು. ಮಾವ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

“ಇದ ನನ್ನ ಗಾಡಿ ಆವಾಜು,” ಎಂದರು. “ಎಷ್ಟ ದಿನ ಆಗಿತ್ತು ಕೇಳಿ.”

ಅವರ ಗಾಡಿ ಎಂದೂ ಹಾಗೆ ಅರಚಿದ್ದಿಲ್ಲ. ಆದರೆ ಅವರ ಮುಖ ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಹೊಸ ಪೈಪಿನ ಬಾಯಿ ಗಾಡಿಯ ಪೈಪಿಗಿಂತ ದೊಡ್ಡದಿತ್ತು. ಅಂಗಡಿಯವನು ಆ ಸಂದಿಗೆ ಲೇಥಿನಲ್ಲಿ ಒಂದು ಕಬ್ಬಿಣದ ಬಳೆ ಕಡೆಸಿ ತಂದು, ಕ್ಲಾಂಪು ಬೆಸೆದು, ಕೂರಿಸಿಕೊಟ್ಟ.

ಮರುದಿನದಿಂದ ನನ್ನ ಬದುಕಿನಲ್ಲಿ ಗುಟ್ಟು ಎಂಬುದು ಉಳಿಯಲಿಲ್ಲ. ನಾನಿನ್ನೂ ಕಾಲುವೆಯ ತಿರುವಿನಲ್ಲಿರುವಾಗಲೇ ಶಾಲೆಯ ಮಕ್ಕಳಿಗೆ ತಿಳಿಯುತ್ತಿತ್ತು. ಒಳಗೆ ಕಾಲಿಟ್ಟರೆ ಎಲ್ಲರೂ ಪುಸ್ತಕ ತೆರೆದು ಕೂತಿರುತ್ತಿದ್ದರು, ಕೆಲವರು ತಲೆಕೆಳಗಾಗಿ ಹಿಡಿದು. ಮೊದಲ ವಾರವೇ ಬಿಸಿ ಪೈಪು ತಾಗಿ ಮೀನಖಂಡ ಸುಟ್ಟಿತು. ಮಾವ ತಮ್ಮ ಹಳೆಯ ಪೆಟ್ಟಿಗೆಯಿಂದ ಮುಲಾಮು ತೆಗೆದು ಕೊಟ್ಟರು.

“ಇದು ದನಕ್ಕ ಹಚ್ಚೂದಲ್ರಿ, ಮಾವಾರ?”

“ತೊಗಲು ಎಲ್ಲಾ ಒಂದ. ಹಚ್ಕೋ.”

ಹಚ್ಚಿಕೊಂಡೆ. ಮಾಯಿತು.

ಸಂಜೆ ನಾನು ಓಣಿಗೆ ಹೊರಳುವಾಗ ಮಾವನಿಗೆ ಕಟ್ಟೆಯ ಮೇಲೆಯೇ ಕೇಳಿಸುತ್ತಿತ್ತು. ಜೀವಮಾನದಲ್ಲಿ ಒಲೆಯ ಹತ್ತಿರ ಸುಳಿಯದ ಮನುಷ್ಯ ಎದ್ದು ಹೋಗಿ ಚಹಾಕ್ಕೆ ಇಡುತ್ತಿದ್ದರು. ನಾನು ಗಾಡಿ ನಿಲ್ಲಿಸಿ ಚಪ್ಪಲಿ ಬಿಡುವಷ್ಟರಲ್ಲಿ ಬಿಸಿ ಕಪ್ಪು ಕೈಗೆ ಬರುತ್ತಿತ್ತು. ಸಕ್ಕರೆ ಯಾವಾಗಲೂ ಅತಿಯಾಗಿರುತ್ತಿತ್ತು. ನಾನು ಒಮ್ಮೆಯೂ ಹೇಳಲಿಲ್ಲ.

ಹೀಗೆ ಎರಡು ತಿಂಗಳು ನಡೆಯಿತು. ಒಂದು ದಿನ ಶಾಲೆಯ ದಾರಿಯಲ್ಲಿ ತೋಟದ ಮನೆಯ ಹೆಣ್ಣುಮಗಳೊಬ್ಬಳು ರಸ್ತೆಯ ನಡುವೆ ಬಂದು ಕೈ ಅಡ್ಡ ಹಿಡಿದಳು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಶನಿವಾರ ಬಂತಂದ್ರ ನಮ್ಮ ಎಮ್ಮಿ ಹಾಲ ಕೊಡೂದಿಲ್ರಿ.”

ನನಗೆ ಅರ್ಥವಾಗಲಿಲ್ಲ.

“ಶನಿವಾರ ನಿಮ್ಮದು ಮುಂಜಾನೆ ಶಾಲಿ. ನಾ ಹಿಂಡಾಕ ಕುಂತಾಗ ನೀವು ಹಾದ ಹೋಗ್ತೀರಿ. ಆ ಸಪ್ಪಳಕ್ಕ ಅದು ಚರಗಿ ಒದ್ದು, ಹಾಲ ಮ್ಯಾಲ ಎಳಕೊಂತೈತಿ. ಮೊದಲ ನಮಗ ತಿಳೀಲಿಲ್ರಿ. ನಮ್ಮ ಅತ್ತಿ ಎರಡ ಶನಿವಾರ ದೃಷ್ಟಿ ತಗದ್ರು.”

ನಾಚಿಕೆಯಿಂದ ತಲೆ ತಗ್ಗಿಸಿದೆ. ಮನೆಗೆ ಬಂದು ಮಾವನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. ಎಮ್ಮೆಗೆ ಬೇರೇನೋ ಇರಬೇಕು, ನಾನೇ ನೋಡುತ್ತೇನೆ ಎಂದು ಮುಂದಿನ ಶನಿವಾರ ಹಿಂದೆ ಕೂತು ಬಂದರು.

ಆ ಹೆಣ್ಣುಮಗಳು ಅವರ ಗುರುತು ಹಿಡಿದು ಸೆರಗು ಹೊದ್ದು ನಮಸ್ಕಾರ ಮಾಡಿದಳು. ಅವಳ ತವರಿನ ಆಕಳಿಗೆ ಹಿಂದೊಮ್ಮೆ ಮಾವ ಮದ್ದು ಹಾಕಿದ್ದರಂತೆ. ಮಾವ ಎಮ್ಮೆಯ ಬಾಯಿ, ಕಣ್ಣು, ಕೆಚ್ಚಲು ಎಲ್ಲ ನೋಡಿದರು. ಆಮೇಲೆ ಅದರ ಬೆನ್ನ ಮೇಲೆ ಕೈ ಇಟ್ಟು ನನಗೆ ಹೇಳಿದರು:

“ತಿರುವಿನ ತನಕ ಹೋಗು. ದಿನಾ ಹ್ಯಾಂಗ ಬರ್ತಿ, ಹಂಗ ಬಾ.”

ನಾನು ಹೋಗಿ ತಿರುಗಿ ಬಂದೆ. ಗಾಡಿ ನಿಲ್ಲಿಸಿ ನೋಡಿದರೆ ಮಾವನ ಮುಖ ಇಳಿದಿತ್ತು.

“ಮೈ ಎಲ್ಲಾ ನಡಗತು ನೋಡವಾ ಅದರದ್ದು. ನನ್ನ ಕೈಗೆ ಗೊತ್ತಾತು. ಮೂಕ ಪ್ರಾಣಿ, ಯಾರಿಗೆ ಹೇಳೀತು? ಆ ಸೈಲೆನ್ಸರ್ ತಗಿಸಿಬಿಡು.”

“ಮಾವಾರ, ನಿಮಗ ಅದರ ಆವಾಜು…”

“ನಂದ ಬಿಡು.”

ಮರುದಿನವೇ ನಿಪ್ಪಾಣಿಗೆ ಹೋದೆ. ಅಂಗಡಿಯವನು ಪೂರ್ತಿ ಬದಲಿಸುವುದು ಬೇಡ ಎಂದು ಪೈಪಿನ ಬಾಯೊಳಗೆ ಒಂದು ತಂತಿಯ ಜಾಳಿ ಇಳಿಸಿ, ಅದರ ಸುತ್ತ ಸದ್ದು ಹೀರುವ ಗಾಜಿನ ಉಣ್ಣೆ ತುಂಬಿ ಬೋಲ್ಟು ಹಾಕಿದ. ಅರಚಾಟ ಹೋಗಿ ಗೊಣಗಾಟ ಉಳಿಯಿತು. ಮುಂದಿನ ಶನಿವಾರ ಎಮ್ಮೆ ಮೆಲುಕು ಹಾಕುತ್ತಲೇ ನನ್ನನ್ನು ನೋಡಿತು. ಶಾಲೆ ಬಿಟ್ಟು ಬರುವಾಗ ಹೆಣ್ಣುಮಗಳು ಡಬ್ಬಿಯಲ್ಲಿ ಮೊಸರು ಕೊಟ್ಟಳು.

ಮನೆಯಲ್ಲಿ ಮಾತ್ರ, ಜಾಳಿ ಹಾಕಿಸಿದ ಮರುದಿನ ಸಂಜೆ ನಾನು ಬಂದಾಗ, ಮಾವ ಕಟ್ಟೆಯ ಮೇಲೆ ಬೇರೆ ಕಡೆ ಮುಖ ಮಾಡಿ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತಾಗ ಬೆಚ್ಚಿಬಿದ್ದರು.

“ಯಾವಾಗ ಬಂದಿ?”

“ಈಗ ಬಂದೆ ರೀ.”

ಅವರು ರಸ್ತೆಯ ಕಡೆ ನೋಡಿದರು, ಗಾಡಿಯ ಕಡೆ ನೋಡಿದರು. ಅಂದು ಚಹಾ ನಾನೇ ಮಾಡಿದೆ. ನನಗೆ ಅವರಿಂದ ಏನನ್ನೋ ಕಿತ್ತುಕೊಂಡಂತೆ ಅನ್ನಿಸಿತು.

ನಾಲ್ಕೈದು ದಿನ ಹಾಗೇ ಕಳೆಯಿತು. ಒಂದು ಬೆಳಿಗ್ಗೆ ನಾನು ಗಾಡಿ ಒರೆಸುತ್ತಿದ್ದಾಗ ಹತ್ತಿರ ಬಂದು, ಬೇರೆ ಯಾರದೋ ವಿಷಯ ಕೇಳುವಂತೆ ಕೇಳಿದರು: “ಮಿರಜದಾಗ ಆ ಕಿವಿ ಡಾಕ್ಟರ ಇದ್ದಾರಂದಿದ್ದಿ. ನಿನಗ ರಜಾ ಯಾವಾಗ ಐತಿ?”

ನನ್ನ ಗಂಡ ಬಸ್ಸಿಗೆ ಹೋಗಿ ಎಂದ. ಮಾವ ಕೇಳಲಿಲ್ಲ. ಅದೇ ಗಾಡಿಯ ಮೇಲೆ ಕೃಷ್ಣಾ ದಾಟಿ, ಕಾಗವಾಡದ ಮೇಲೆ ಹಾದು ಮಿರಜಕ್ಕೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿಗೆ ಸಣ್ಣ ಮಷೀನು ಕೂರಿಸಿದರು. ಹೊರಗೆ ಬಂದು ರಿಕ್ಷಾದ ಹಾರ್ನಿಗೆ ಮಾವ ಮುಖ ಕಿವುಚಿದರು. ಗಾಡಿ ಚಾಲೂ ಮಾಡಿದಾಗ ನನ್ನ ಭುಜ ಹಿಡಿದು ನಿಲ್ಲಿಸಿದರು.

“ತಡಿ. ಇದೇನ ಟಿಕ್ ಟಿಕ್ ಅಂತೈತಿ? ಎಂಜಿನ್ನಾಗಿನ ಟ್ಯಾಪಿಟ್ ಸಡಲ ಆಗ್ಯಾವ. ಎಷ್ಟ ದಿನದಿಂದ ಹಿಂಗ ಓಡಸಾಕತ್ತಿ?”

“ನನಗ ಕೇಳಿಸಿಲ್ರಿ.”

“ಕೇಳಿಸಿಲ್ಲಂತ! ಕಿವ್ಯಾಗ ಏನ ಹಾಕೊಂಡಿದ್ದಿ?”

ಕಾಗವಾಡದವರೆಗೂ ಬೈದರು. ಅಲ್ಲಿ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಎಂಜಿನ್ ತಣ್ಣಗಾಗದೆ ಟ್ಯಾಪಿಟ್ ಮುಟ್ಟಬಾರದು, ಕಾಯಲೇಬೇಕು ಎಂದು ಅವರದೇ ಅಪ್ಪಣೆ. ನಾನು ಎದುರಿನ ಅಂಗಡಿಯಿಂದ ಒಂದು ಪೊಟ್ಟಣ ಭಡಂಗ ತಂದೆ. ಬೆಂಚಿನ ಮೇಲೆ ಕೂತು ಖಾರದ ಚುರುಮುರಿಯನ್ನು ಇಬ್ಬರೂ ತಿನ್ನತೊಡಗಿದೆವು. ಮಾವ ಎರಡು ತುತ್ತು ಅಗಿದು, ಥಟ್ಟನೆ ನಿಲ್ಲಿಸಿ, ನನ್ನ ಮುಖ ನೋಡಿದರು.

“ಭಡಂಗ ತಿನ್ನೂ ಸಪ್ಪಳ ಇಷ್ಟ ದೊಡ್ಡದ ಇರತೈತೇನ?”

ನಾನು ನಕ್ಕೆ. ಅವರು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡು, ಈ ಸಲ ನಿಧಾನಕ್ಕೆ, ಕೇಳುತ್ತ ಕೇಳುತ್ತ ಅಗಿದರು.